ಮೂರು ಕೊಡ ಮೆದು ನೀರು, ಒಂದು ಕೊಡ ಗಡಸು

ನಮ್ಮ ಕೊನೆಯ ಸಾದಾ ದಿನ ಒಂದು ಬುಧವಾರ. ಸಿಂಧನೂರಿನ ನಮ್ಮ ಸ್ಟುಡಿಯೊದಲ್ಲಿ ಅಂದು ಗೊರೇಬಾಳದ ಶಾಲೆಯ ಗುಂಪು ಫೋಟೊ ಪ್ರಿಂಟ್ ಹಾಕುವ ಕೆಲಸವಿತ್ತು. ನಮ್ಮ ಮನೆಯವರು ಡಾರ್ಕ್‌ರೂಮಿನ ಕೆಂಪು ದೀಪದ ಕೆಳಗೆ ಟ್ರೇ ತೂಗುತ್ತಿದ್ದರು. ನಾನು ತೊಳೆದ ಫೋಟೊಗಳನ್ನು ದಾರಕ್ಕೆ ಕ್ಲಿಪ್ ಹಾಕಿ ನೇತುಹಾಕುತ್ತಿದ್ದೆ. ಎರಡನೇ ಸಾಲಿನಲ್ಲಿ ಒಬ್ಬ ಹುಡುಗ ಕಣ್ಣು ಮುಚ್ಚಿಕೊಂಡಿದ್ದ.

“ಇಷ್ಟು ಮಂದ್ಯಾಗ ಇವನೊಬ್ಬ ನಿದ್ದಿ ಹೊಡ್ಯಾಕತ್ತಾನ ನೋಡು,” ಎಂದರು.

“ಬಾಜೂಕ ಮಾಸ್ತರ ನಿಂತಾರ. ನಿದ್ದಿ ಬರದ ಏನ್ ಮಾಡತೈತ್ರಿ?” ಎಂದೆ.

ಅವರು ನಕ್ಕರು. ಮಧ್ಯಾಹ್ನ ಅನ್ನ, ಪುಂಡಿಪಲ್ಯ ಉಂಡೆವು. ಸಂಜೆ ನಲ್ಲಿಯಲ್ಲಿ ನೀರು ಬಂತು. ಕಾಲುವೆಗೆ ಹೊಸ ನೀರು ಬಿಟ್ಟ ದಿನಗಳಾದ್ದರಿಂದ ನೀರು ಕೆಂಪಗಿತ್ತು. ಡ್ರಮ್ ತುಂಬಿಸಿ, ಪಟಿಕದ ಕಲ್ಲನ್ನು ಅದರಲ್ಲಿ ನಾಲ್ಕು ಸುತ್ತು ತಿರುಗಿಸಿ, ಮಣ್ಣು ಕೆಳಗೆ ಕೂಡಲಿ ಎಂದು ಮುಚ್ಚಿಟ್ಟೆ. ಆ ದಿನ ನಡೆದದ್ದು ಇಷ್ಟೇ. ಮರುದಿನ ಬೆಳಿಗ್ಗೆ ಚಪ್ಪಲಿ ಮೆಟ್ಟಲು ಕಟ್ಟೆಯ ಮೇಲೆ ಕೂತವರು ಮತ್ತೆ ಏಳಲಿಲ್ಲ.

ನಮಗೆ ಮಕ್ಕಳಿರಲಿಲ್ಲ. ಮದುವೆಯಾಗಿ ಒಂಬತ್ತು ವರ್ಷ ನಾನು ಮಾಡಿದ್ದು ಡಾರ್ಕ್‌ರೂಮಿನ ಕೆಲಸವೇ. ಹತ್ತನೇ ಇಯತ್ತೆ ಪಾಸಾಗಿದ್ದ ನನಗೆ ರೀಲು ತೊಳೆಯುವುದು, ಔಷಧಿ ಕಲಸುವುದು, ಕಾಗದಕ್ಕೆ ಬೆಳಕು ಕೊಡುವುದು ಎಲ್ಲವನ್ನೂ ಅವರೇ ಕಲಿಸಿದ್ದರು. ದಢೇಸುಗೂರಿನಲ್ಲಿ ಗದ್ದೆ ಮಾಡಿಕೊಂಡಿರುವ ನನ್ನ ಮೈದುನ ಅಮರೇಶ ಒಳ್ಳೆಯವನು. ಮಾಸಿಕ ಮುಗಿದ ಮೇಲೆ, “ಅತ್ತಿಗಿ, ನಮ್ಮನ್ಯಾಗ ಬಂದು ಇರು. ಒಂದು ಕೋಲಿ ಬಿಟ್ಟು ಕೊಡತೀವಿ,” ಎಂದ. ಅವನ ಮನೆಯಲ್ಲಿ ಊಟಕ್ಕೆ ಕಡಿಮೆಯಿರಲಿಲ್ಲ. ಆದರೆ ಅಲ್ಲಿ ನನಗೆ ಮಾಡಲು ಕೆಲಸವಿರಲಿಲ್ಲ. ನಾನು ಒಪ್ಪಲಿಲ್ಲ.

ಸಿಂಧನೂರಿನಲ್ಲೇ ಸ್ಟುಡಿಯೊ ನಡೆಸುವುದೂ ಆಗಲಿಲ್ಲ. ಸ್ಟುಡಿಯೊ ನಡೆಯುವುದು ಮದುವೆ, ಬಸುರಿಯ ಕುಬಸದ ಫೋಟೊಗಳ ಮೇಲೆ. ಗಂಡ ಸತ್ತವಳನ್ನು ಮದುವೆಮನೆಯ ಫೋಟೊಗೆ ಯಾರೂ ಕರೆಯುವುದಿಲ್ಲ. ಯಾರೂ ಬಾಯಿಬಿಟ್ಟು ಬೇಡ ಎನ್ನಲಿಲ್ಲ, ಸುಮ್ಮನೆ ಮುಂದಿನ ಅಂಗಡಿಗೆ ಹೋದರು. ಆಗ ನನಗೆ ಹೊಳೆದದ್ದು, ಅರ್ಜಿಗೆ ಹಚ್ಚುವ ಫೋಟೊಗೆ ಯಾರೂ ಮುಹೂರ್ತ ನೋಡುವುದಿಲ್ಲ ಎಂಬುದು. ಲಿಂಗಸುಗೂರಿನ ತಾಲೂಕು ಕಚೇರಿಯ ಹಿಂದೆ ನನ್ನ ಚಿಕ್ಕಮ್ಮನ ಗುರುತಿನ ಗಂಗಮ್ಮ ಎಂಬಾಕೆಯ ಮನೆಯ ಎರಡು ಕೋಣೆ ಖಾಲಿ ಇದ್ದವು. ಪಿಂಚಣಿ, ಪರೀಕ್ಷೆ, ಬಸ್ ಪಾಸು, ನೌಕರಿ, ಎಲ್ಲದಕ್ಕೂ ಚಿಕ್ಕ ಫೋಟೊ ಬೇಕು. ದಸರೆ ಕಳೆದ ಮೇಲೆ ರೀಲಿನ ಚಿತ್ರವನ್ನು ಕಾಗದಕ್ಕೆ ಇಳಿಸುವ ಎನ್‌ಲಾರ್ಜರ್, ಕ್ಯಾಮೆರಾ, ಟ್ರೇಗಳನ್ನು ಟೆಂಪೋದಲ್ಲಿ ಹಾಕಿಕೊಂಡು ಹೊರಟೆ. ಅಮರೇಶ ಜೊತೆಗೆ ಬಂದ. ಸಾಮಾನು ಇಳಿಸಿ, “ಯುಗಾದಿ ತನಕ ನೋಡು. ಆಗಲಿಲ್ಲಂದ್ರ ಬಂದು ಕರ್ಕೊಂಡು ಹೋಗತೀನಿ. ಈ ಮಷಿನ್ ಕೇಳಾಕತ್ತಾರ, ಕೊಟ್ಟು ಬಿಡೋಣು,” ಎಂದು ಹೇಳಿ ಹೋದ. ಎನ್‌ಲಾರ್ಜರ್ ಹೋದರೆ ನನ್ನ ಕೆಲಸ ಹೋದ ಹಾಗೆ. ಅದು ಅವನಿಗೂ ಗೊತ್ತಿತ್ತು.

ಸಿಂಧನೂರಿನಿಂದ ಲಿಂಗಸುಗೂರಿಗೆ ಬಸ್ಸಿನಲ್ಲಿ ಮಧ್ಯದ ದೊಡ್ಡ ಊರು ಮಸ್ಕಿ. ಮಸ್ಕಿಯವರೆಗೂ ಅಲ್ಲಲ್ಲಿ ಗದ್ದೆ, ಬದುವಿನ ಮೇಲೆ ಬೆಳ್ಳಕ್ಕಿ. ಅದನ್ನು ದಾಟಿದರೆ ಜೋಳ, ಸಜ್ಜೆ, ತೊಗರಿ, ಕಲ್ಲು. ಸಿಂಧನೂರಿನಲ್ಲಿ ನಾವಿದ್ದದ್ದು ತಗಡಿನ ಮನೆ, ಇಲ್ಲಿ ಸಪಾಟು ಮಣ್ಣಿನ ಚಾವಣಿಯ ಮಾಳಿಗೆ ಮನೆ. ಗೋಡೆ ಮೊಳ ದಪ್ಪ. ಬೇಸಿಗೆಯಲ್ಲೂ ಒಳಗೆ ತಂಪು ಎಂದು ಗಂಗಮ್ಮ ಹೇಳಿದಾಗ ಡಾರ್ಕ್‌ರೂಮಿಗೆ ಒಳ್ಳೆಯದಾಯಿತು ಎಂದುಕೊಂಡೆ. ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನ ತೆಲುಗಿನವರ ನಡುವೆ ಇದ್ದು ನನ್ನ ಬಾಯಲ್ಲಿ ಕೊಡಕ್ಕೆ ‘ಬಿಂದೆ’ ಎಂಬ ಮಾತು ಕೂತಿತ್ತು. ನಾನು ಬಿಂದೆ ಎಂದಾಗಲೆಲ್ಲ ಗಂಗಮ್ಮ, “ನಿಮ್ಮೂರಾಗ ನೀರು ಜಾಸ್ತಿ ಅಂತ ಕೊಡಕ್ಕೂ ಎರಡೆರಡು ಹೆಸರು,” ಎಂದು ಕಾಡಿಸುತ್ತಿದ್ದಳು.

ಮನೆಯ ಮುಂದಿನ ಬೋರಿನ ನೀರನ್ನು ಮೊದಲ ದಿನ ಗಾಜಿನ ಲೋಟದಲ್ಲಿ ಹಿಡಿದು ನೋಡಿದೆ. ಅಷ್ಟು ತಿಳಿ ನೀರನ್ನು ನಾನು ನೋಡಿರಲಿಲ್ಲ. ಕುಡಿದರೆ ಸಿಹಿ. ಈ ನೀರಿಗೆ ಪಟಿಕ ಬೇಡ, ಸೋಸುವ ಬಟ್ಟೆ ಬೇಡ ಎಂದು ಸಂತೋಷವಾಯಿತು. ಆ ನೀರಿನಲ್ಲೇ ಡೆವಲಪರ್ ಕಲಸಿದೆ. ಬೆಳಕು ಬಿದ್ದ ಕಾಗದದ ಮೇಲೆ ಚಿತ್ರ ಮೂಡಿಸುವ ಔಷಧಿ ಅದು. ಕಲಸಿದರೆ ತಿಳಿ ಕಷಾಯದಂತೆ ಇರಬೇಕು. ನನ್ನ ಕಣ್ಣ ಮುಂದೆ ಅದು ಮಜ್ಜಿಗೆಯಂತೆ ಬೆಳ್ಳಗಾಯಿತು. ಪೊಟ್ಟಣ ಹಳತಿರಬೇಕೆಂದು ಅದನ್ನು ಚೆಲ್ಲಿ ಇನ್ನೊಂದು ಒಡೆದೆ. ಅದೂ ಬೆಳ್ಳಗಾಯಿತು.

ಕಾಲುವೆ ಕಡೆಯವರಿಗೆ ನೀರಿನ ದೋಷವೆಂದರೆ ಮಣ್ಣು. ಕೆಂಪಗಿದ್ದರೆ ಕೆಟ್ಟದ್ದು, ತಿಳಿಯಾದರೆ ಒಳ್ಳೆಯದು. ಈ ಒಂದೇ ಪಾಠ ಗೊತ್ತಿದ್ದ ನಾನು, ಕಣ್ಣಿಗೆ ಕಾಣದ ಮಣ್ಣು ಇದೆಯೇನೋ ಎಂದು ಆ ತಿಳಿ ನೀರಿಗೆ ಪಟಿಕ ತಿರುಗಿಸಿದೆ. ಡೆವಲಪರ್ ಇನ್ನಷ್ಟು ಗಟ್ಟಿ ಮಜ್ಜಿಗೆಯಾಯಿತು. ಬಟ್ಟೆಯಲ್ಲಿ ಸೋಸಿ ಹೇಗೋ ಕೆಲಸ ನಡೆಸಿದೆ. ರೀಲು ತೊಳೆದು ಒಣಗಿಸಿದಾಗ ಅದರ ಮೇಲೆ ಸಣ್ಣ ಸಣ್ಣ ಬಿಳಿ ಹನಿಗುರುತು ಉಳಿಯುತ್ತಿತ್ತು. ರೀಲಿನ ಮೇಲೆ ಅಂಥ ಗುರುತಿದ್ದರೆ ಅಲ್ಲಿ ಬೆಳಕು ದಾಟುವುದಿಲ್ಲ, ಫೋಟೊದಲ್ಲಿ ಆ ಜಾಗ ಬೆಳ್ಳಗೆ ಬರುತ್ತದೆ. ಲಿಂಗಸುಗೂರಿನ ಜನರ ಮುಖದ ಮೇಲೆಲ್ಲ ಬಿಳಿ ಚುಕ್ಕಿ ಬಂತು. ಒದ್ದೆ ಬೆರಳಿನಿಂದ ಒರೆಸಲು ಹೋದರೆ ರೀಲಿಗೆ ಗೀರು ಬೀಳುತ್ತಿತ್ತು.

“ಏನಬೇ, ನನ್ನ ಮಾರಿಗೆ ಜ್ವಾಳದ ಹಿಟ್ಟ ಉಗ್ಗೀಯೇನು?” ಎಂದು ಒಬ್ಬ ಮುದುಕಿ ಫೋಟೊವನ್ನು ಕಟ್ಟೆಯ ಮೇಲಿಟ್ಟು ಹೋದಳು. ಪಿಂಚಣಿ ಅರ್ಜಿಗೆ ಬಂದಿದ್ದವಳು. ಕಚೇರಿಯ ಜವಾನನೊಬ್ಬ, “ಇದು ಫೋಟೊ ಅಲ್ರಿ, ಮೈಲಿಬ್ಯಾನಿ ಎದ್ದಾವನ ಗುರುತ,” ಎಂದು ನಾಲ್ಕು ಜನರ ಮುಂದೆ ಹೇಳಿದ. ಆ ವಾರ ಬಂದವರಲ್ಲಿ ಅರ್ಧ ಜನ ಮರಳಿ ಬರಲಿಲ್ಲ.

ನೀರನ್ನು ಕುದಿಸಿ ಆರಿಸಿ ಬಳಸಿದೆ. ಸ್ವಲ್ಪ ಗುಣ ಕಾಣಿಸಿತು. ಪಾತ್ರೆಯ ತಳದಲ್ಲಿ ಬಿಳಿ ಪದರ ಕೂತಿತು, ಡೆವಲಪರಿನ ಬಿಳುಪು ಕಡಿಮೆಯಾಯಿತು. ಆದರೆ ಚುಕ್ಕಿ ಪೂರ್ತಿ ಹೋಗಲಿಲ್ಲ. ಫೋಟೊ ತೊಳೆಯಲು ದಿನಕ್ಕೆ ಎಂಟು ಹತ್ತು ಕೊಡ ನೀರು ಬೇಕು, ಅಷ್ಟನ್ನು ಎಷ್ಟು ಕಟ್ಟಿಗೆ ಉರಿಸಿ ಕುದಿಸುವುದು? ಲಾರಿ ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರನ್ನು ಬಾಟಲಿಗಳಲ್ಲಿ ತಂದು ರೀಲಿನ ಕೊನೆಯ ತೊಳೆತಕ್ಕೆ ಇಟ್ಟುಕೊಂಡೆ. ರೀಲು ಚೊಕ್ಕವಾಯಿತು. ಕಾಗದ ತೊಳೆಯಲು ಅದು ಎಲ್ಲಿ ಸಾಲಬೇಕು.

ಊಟದಲ್ಲೂ ಇದೇ ಕಥೆ. ಬೋರಿನ ನೀರಿನಲ್ಲಿ ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದರೂ ಬೇಯುತ್ತಿರಲಿಲ್ಲ. ಗಂಗಮ್ಮ ನನ್ನ ಗಡಿಗೆಯಲ್ಲಿ ಇಣುಕಿ, “ಬೋರಿನ ನೀರಾಗ ಬ್ಯಾಳಿ ಇಟ್ಟೀಯೇನ? ನಿನಗ ಯಾರೂ ಹೇಳಿಲ್ಲೇನ? ಬ್ಯಾಳಿ ಬಾವಿ ನೀರು ತರಬೇಕು,” ಎಂದಳು. ಓಣಿಯ ಕೊನೆಗೆ ಒಂದು ಹಳೆಯ ಬಾವಿ. ಅದರ ನೀರು ಸವಳು, ಬಾಯಿಗೆ ಇಡಲಾಗದು. ಆದರೆ ಬೇಳೆ ಬೇಯುವುದು ಅದರಲ್ಲೇ, ತಲೆಗೆ ಹಚ್ಚಿದ ಸೀಗೆ ಸಾಬೂನು ಬಿಡುವುದೂ ಅದರಲ್ಲೇ. ಅದಕ್ಕೇ ಬೇಳೆ ಬಾವಿ ಎಂದು ಹೆಸರು. ಮನೆಗೆ ದಿನಕ್ಕೆ ಒಂದೇ ಕೊಡ ಎಂದು ಓಣಿಯ ಹೆಂಗಸರ ಕಟ್ಟು. ಸವಳು ನೀರು ಒಳ್ಳೆಯ ಕೆಲಸ ಮಾಡೀತೆಂದು ನನಗೆ ನಂಬಿಕೆ ಬರಲಿಲ್ಲ. ನಾಲಿಗೆ ಒಪ್ಪದ ನೀರನ್ನು ಔಷಧಿಗೆ ಹೇಗೆ ಹಾಕುವುದು ಎಂದು ಅದನ್ನು ಬೇಳೆಗಷ್ಟೇ ಬಳಸಿದೆ.

ಆ ದಿನಗಳಲ್ಲಿ ನಾನು ಯಾರೊಂದಿಗೂ ಹೆಚ್ಚು ಮಾತಾಡುತ್ತಿರಲಿಲ್ಲ. ಡಾರ್ಕ್‌ರೂಮಿನಲ್ಲಿ ಒಬ್ಬಳೇ ಇರುವುದು ರೂಢಿಯಿರಲಿಲ್ಲ. ಕೆಲವು ಸಲ ಅವರನ್ನು ಏನೋ ಕೇಳಲು ಹಿಂತಿರುಗಿ ನೋಡಿ, ಮತ್ತೆ ಟ್ರೇ ತೂಗುತ್ತಿದ್ದೆ. ಸಂಕ್ರಾಂತಿ ಬಂತು, ಹೋಯಿತು. ಯುಗಾದಿಗೆ ಎರಡು ತಿಂಗಳು ಉಳಿದಿತ್ತು.

ಆಗ ಮೆಹಬೂಬ್‌ಸಾಬರು ಬಂದರು. ಮಸ್ಕಿಯ ಗಿರಣಿಯೊಂದರಲ್ಲಿ ಬಾಯ್ಲರ್ ನಡೆಸುವವರು, ಅರವತ್ತರ ಹತ್ತಿರದ ಮನುಷ್ಯ. ಯಾವುದೋ ಅರ್ಜಿಗೆ ಮೂರು ಫೋಟೊ ತೆಗೆಸಿಕೊಂಡು, ಮರುದಿನ ಒಯ್ಯಲು ಬಂದರು. ತಮ್ಮ ಮುಖದ ಮೇಲಿನ ಚುಕ್ಕಿಗಳನ್ನು ನೋಡಿದರು. ನಾನು ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಅವರು ಫೋಟೊ ಬಿಟ್ಟು ಮೂಲೆಯಲ್ಲಿದ್ದ ನೀರು ಕುದಿಸುವ ಪಾತ್ರೆಯನ್ನು ನೋಡುತ್ತಿದ್ದರು.

“ಒಂದು ನಿಂಬಿಹಣ್ಣು ಐತೇನ ತಂಗಿ?”

ಕೊಟ್ಟೆ. ಪಾತ್ರೆಯ ಬಿಳಿ ಪದರದ ಮೇಲೆ ಹಿಂಡಿದರು. ಅದು ಸುಯ್ಯೆಂದು ನೊರೆಯೆದ್ದಿತು.

“ನಿನ್ನ ಫೋಟೊದ ಕಸೂರ್ ಅಲ್ಲ ಇದು. ನನ್ನ ಬಾಯ್ಲರಿಗೆ ಇರೋ ಬ್ಯಾನಿನ ನಿನ್ನ ಮನಿಗೂ ಐತಿ. ಸುಣ್ಣ,” ಎಂದರು. “ನಾವು ಇದಕ್ಕ ಔಷಧ ಮಾಡದಿದ್ರ ಕೊಳವಿ ಒಡೆದು ಗಿರಣಿನ ಹಾರಿ ಹೋಕ್ಕೈತಿ. ನಿಂದು ಪುಣ್ಯಾ, ಬರೇ ಮಾರಿ ಕೆಡತಾವ.”

“ನೀರು ಸಿಹಿ ಐತಲ್ರಿ ಚಾಚಾ?”

“ನಾಲಿಗಿಗಿ ಉಪ್ಪು ತಿಳೀತೈತಿ, ಸುಣ್ಣ ತಿಳ್ಯಂಗಿಲ್ಲ. ನೀ ನಾಲಿಗಿ ಮಾತು ಕೇಳಿ ಕೆಟ್ಟಿ. ಸಿಂಧನೂರಿಗೆ ಹೋದಾಗ ಅಲ್ಲೀದು ಒಂದು ಬಾಟ್ಲಿ ನೀರು ತಗೊಂಡು ಮಸ್ಕ್ಯಾಗ ಇಳಿ. ಇಲ್ಲೀದೂ ಒಂದು ಬಾಟ್ಲಿ ತಾ. ನಿಮ್ಮ ಓಣಿ ಸವಳು ಬಾವೀದೂ ತಾ.”

ಮುಂದಿನ ವಾರವೇ ಹೋದೆ. ಗಿರಣಿಯ ಬಾಯ್ಲರ್ ಮನೆಯ ಕಿಟಕಿಯಲ್ಲಿ ಮೂರು ಔಷಧಿ ಬಾಟಲಿಗಳನ್ನು ಸಾಲಾಗಿಟ್ಟು, ಪ್ರತಿಯೊಂದಕ್ಕೂ ಅರ್ಧ ನೀರು ಹಾಕಿ, ಕರಗಿಸಿದ ಸಾಬೂನನ್ನು ಹನಿ ಹನಿಯಾಗಿ ಬಿಡುತ್ತ ಕುಲುಕಿದರು. ಸಿಂಧನೂರಿನ ನೀರಿಗೆ ನಾಲ್ಕೇ ಹನಿಗೆ ಬುರುಗು ಎದ್ದು ನಿಂತಿತು. ಬೇಳೆ ಬಾವಿಯ ನೀರಿನಲ್ಲಿ ಅದಕ್ಕೂ ಬೇಗ ಎದ್ದಿತು. ನನ್ನ ಸಿಹಿ ನೀರಿನಲ್ಲಿ ಸಾಬೂನು ಒಡೆದ ಹಾಲಿನಂತೆ ತುಂಡಾಗಿ ತೇಲಿತು, ಬುರುಗಿಲ್ಲ. ನಾನು ಮೂರು ತಿಂಗಳು ನಂಬಿದ ನೀರು ಅದು.

ಗಡಸು ನೀರೆಂದರೆ ಸುಣ್ಣದ ಅಂಶ ಕರಗಿರುವ ನೀರು. ಅದನ್ನು ತೆಗೆದರೆ ಮೆದು ನೀರು. ಸಿಂಧನೂರು ಕಡೆಯಿಂದ ಇತ್ತ ನೌಕರಿಗೆ, ಅಂಗಡಿಗೆ ಬರುವವರು ಈಗ ಹೆಚ್ಚಾಗಿದ್ದಾರೆ. ಮನೆ ಹಿಡಿದ ಮೇಲೆ ಬೇಳೆ ಬೇಯುತ್ತಿಲ್ಲ, ಕೂದಲು ಅಂಟಾಗುತ್ತಿದೆ ಎಂದು ನನ್ನಲ್ಲಿಗೆ ಬರುತ್ತಾರೆ. ಮೆಹಬೂಬ್‌ಸಾಬರು ಅಂದು ಹೇಳಿಕೊಟ್ಟದ್ದನ್ನೇ ಅವರಿಗೆ ಹೇಳುತ್ತೇನೆ, ಇಲ್ಲೂ ಬರೆಯುತ್ತೇನೆ.

ಗಿರಣಿಯಲ್ಲಿ ಆಳೆತ್ತರದ ಉಕ್ಕಿನ ಸಿಲಿಂಡರ್ ಇತ್ತು. ಅದರೊಳಗಿನಿಂದ ಒಂದು ಹಿಡಿ ಹರಳು ತೆಗೆದು ನನ್ನ ಅಂಗೈಗೆ ಹಾಕಿದರು. ಸಾಸಿವೆಗಿಂತ ಸಣ್ಣ, ಬೆಲ್ಲದ ಪಾಕದ ಬಣ್ಣ. ಅದಕ್ಕೆ ರೆಸಿನ್ ಎನ್ನುತ್ತಾರೆ.

“ಇದನ್ನ ಬಸ್ ಅಂತ ತಿಳಿ,” ಎಂದರು. “ಸೀಟಿನ ಮ್ಯಾಲ ಉಪ್ಪಿನ ಮಂದಿ ಕುಂತಾರ, ಸಣ್ಣ ಮಂದಿ. ಗಡಸ ನೀರು ಬಂದಾಗ ಸುಣ್ಣದಾವ ಹತ್ತತಾನ. ಅಂವ ದಪ್ಪ ಆಸಾಮಿ. ಅಂವ ಒಬ್ಬ ಕುಂದ್ರಬೇಕಂದ್ರ ಉಪ್ಪಿನಾವ್ರು ಇಬ್ರು ಇಳೀಬೇಕು. ಇಳಿದಾವ್ರು ನೀರಿನ ಕೂಡ ಹೋಗತಾರ. ಸುಣ್ಣ ಇಲ್ಲೇ ಉಳೀತೈತಿ.”

“ಬಸ್ ತುಂಬಿದ ಮ್ಯಾಲೆ?”

“ಆವಾಗ ಮಸ್ಕಿ ಸಂತಿ ಮಂದಿ ನುಗ್ಗಿದಂಗ ಉಪ್ಪು ನುಗ್ಗಸಬೇಕು. ಗಟ್ಟಿ ಉಪ್ಪುನೀರು ಬಿಟ್ಟು ಅರ್ಧಾ ತಾಸು ಇಟ್ರ, ಎಷ್ಟ ದಪ್ಪ ಇದ್ರೂ ಕೆಳಗ ಇಳೀತಾನ. ಆ ನೀರು ಗಟಾರಕ್ಕ. ಆಮ್ಯಾಲೆ ಉಪ್ಪು ಹೋಗೋ ತನಕ ಸಾದಾ ನೀರು ಬಿಟ್ಟು ತೊಳಿ. ಮತ್ತ ಬಸ್ ರೆಡಿ.” ಆಮೇಲೆ, “ನಿಮ್ಮ ಸವಳು ಬಾವಿ ತಳದಾಗ ಇಂಥದ ಒಂದು ಮಣ್ಣು ಇರಬೇಕು. ನಿಮ್ಮ ಹೆಂಗಸೂರಿಗೆ ಗೊತ್ತಿದ್ದದ್ದು ನಮಗ ಕಂಪನಿಯವ್ರು ಬಂದು ಕಲಿಸಿದ್ರು,” ಎಂದು ನಕ್ಕರು.

ಮನೆಗೆ ಹಾಕುವಂಥ ಸಣ್ಣ ಯಂತ್ರ ರಾಯಚೂರಿನ ಅಂಗಡಿಯಲ್ಲಿ ಸಿಗುತ್ತದೆಂದು ಅವರೇ ತಿಳಿಸಿದರು. ಅಂಗಡಿಯ ಮಾರಾಟದವನು ಲಿಂಗಸುಗೂರಿಗೇ ಬಂದ. ಮೂರು ಬಗೆ ತೋರಿಸಿದ. ಒಂದು ಕೊಳವೆಗೆ ಕಚ್ಚಿಸುವ ಅಯಸ್ಕಾಂತ, “ಉಪ್ಪು ಬೇಡ, ಕೆಲಸ ಬೇಡ, ಹಾಕಿ ಮರೆತುಬಿಡಿ ಮೇಡಂ” ಎಂದ. ಇನ್ನೊಂದು ವಿದ್ಯುತ್ತಿನದು. ಅದರ ತಲೆಯ ಮೇಲೆ ಗಡಿಯಾರವಿದ್ದು, ಅದೇ ಹೊತ್ತು ನೋಡಿಕೊಂಡು ಉಪ್ಪಿನಿಂದ ತೊಳೆದುಕೊಳ್ಳುತ್ತದೆ. ಮೂರನೆಯದು ಕೈಯಿಂದ ತಿರುಗಿಸುವ ಹಿಡಿಕೆಯ ಸಾದಾ ಸಿಲಿಂಡರ್, ಪಕ್ಕದಲ್ಲಿ ಉಪ್ಪು ಕರಗಿಸುವ ಬಕೀಟು.

ಅಯಸ್ಕಾಂತವನ್ನು ಎರಡು ದಿನ ಇಟ್ಟು ಹೋಗು ಎಂದೆ. ಅದರಿಂದ ದಾಟಿದ ನೀರನ್ನೂ ದಾಟದ ನೀರನ್ನೂ ಬಾಟಲಿಯಲ್ಲಿ ಕುಲುಕಿದೆ. ಎರಡರಲ್ಲೂ ಅದೇ ಒಡೆದ ಹಾಲು. ಅವನು ಬಂದಾಗ ಅವನ ಕೈಯಿಂದಲೇ ಕುಲುಕಿಸಿ, ತಿರುಗಿ ಕೊಟ್ಟೆ. ಗಡಿಯಾರದ ಯಂತ್ರಕ್ಕೆ ನಲ್ಲಿಯಲ್ಲಿ ಯಾವಾಗಲೂ ಒತ್ತಡ ಬೇಕು, ಕರೆಂಟು ಬೇಕು. ನಮ್ಮಲ್ಲಿ ಕರೆಂಟು ಹೋದರೆ ಗಡಿಯಾರ ನಿಲ್ಲುತ್ತದೆ, ಬಂದ ಮೇಲೆ ತಪ್ಪು ಹೊತ್ತಿನಲ್ಲಿ, ನಾನು ಫೋಟೊ ತೊಳೆಯುವಾಗಲೇ, ಉಪ್ಪುನೀರು ಬಿಟ್ಟರೆ ಏನು ಗತಿ? ನನಗೆ ಕೈಯಿಂದ ತಿರುಗಿಸುವುದೇ ಸರಿಯೆನಿಸಿತು. ಡ್ರಮ್ಮನ್ನು ಮಾಳಿಗೆಯ ಮೇಲಿಟ್ಟರೆ ನೀರು ತಾನೇ ಇಳಿಯುತ್ತದೆ. ಬೋರ್ ಪಂಪಿನ ಕರೆಂಟು ಇದ್ದಾಗ ಡ್ರಮ್ ತುಂಬಿಸಿಕೊಂಡರೆ ಸಾಕು.

ಅವನ ಬಳಿ ಒಂದು ಪುಡಿಯೂ ಇತ್ತು. ನೀರಿಗೆ ಚಿಟಿಕೆ ಹಾಕಿದರೆ ಸುಣ್ಣವನ್ನು ತೆಗೆಯುವುದಿಲ್ಲ, ಹರಳುಗಟ್ಟದಂತೆ ಕಟ್ಟಿಹಾಕುತ್ತದೆ. ಒಂದು ಟ್ರೇ ಡೆವಲಪರಿಗೆ ಅದು ಸಾಕು. ಹತ್ತು ಕೊಡ ತೊಳೆಯುವ ನೀರಿಗೆ ಆಗದು. ಬಟ್ಟೆ ಒಗೆಯಲು ಮಾತ್ರ ಬೇಕೆನ್ನುವವರಿಗೆ ಒಗೆಯುವ ಸೋಡವೇ ನಡೆಯುತ್ತದೆ. ಕ್ಯಾಂಡಲ್ ಫಿಲ್ಟರ್ ಮಣ್ಣು ತಡೆಯುತ್ತದೆ, ಸುಣ್ಣವನ್ನು ತಡೆಯುವುದಿಲ್ಲ. ಇದನ್ನು ತಿಳಿಯದೆ ಕೊಂಡು ತಂದು ನೊಂದ ಎರಡು ಮನೆ ನಮ್ಮ ಓಣಿಯಲ್ಲೇ ಇವೆ.

ಸಿಲಿಂಡರ್ ಕೂಡಿಸಿದ ದಿನ ಗಂಗಮ್ಮ ಬಾಗಿಲಲ್ಲಿ ನಿಂತು, “ಇಷ್ಟು ಉಪ್ಪು ತಂದೀಯಲ್ಲ, ಉಪ್ಪಿನಕಾಯಿ ಹಾಕತೀಯೋ ಫೋಟೊ ಹಾಕತೀಯೋ?” ಎಂದಳು. ಅಡುಗೆಯ ಪುಡಿ ಉಪ್ಪಲ್ಲ, ದಪ್ಪ ಹರಳುಪ್ಪೇ ಆಗಬೇಕು. ಮೊದಲ ಸಲ ನಾನು ಅವಸರದಲ್ಲಿ ತೊಳೆಯುವುದನ್ನು ಬೇಗ ನಿಲ್ಲಿಸಿದೆ. ಒಣಗಿದ ಫೋಟೊದ ಮೇಲೆ ಉಪ್ಪಿನ ಪೊರೆ ಎದ್ದಿತು. ಎರಡನೆಯ ಸಲ ಹೊರಬರುವ ನೀರನ್ನು ನಾಲಿಗೆಗೆ ಮುಟ್ಟಿಸಿ ನೋಡಿ, ಉಪ್ಪು ಪೂರಾ ಹೋದ ಮೇಲೆ ಹಿಡಿಕೆ ತಿರುಗಿಸಿದೆ. ಅಷ್ಟರ ಮಟ್ಟಿಗೆ ನಾಲಿಗೆ ಕೆಲಸಕ್ಕೆ ಬಂತು. ಕಲಸಿದ ಡೆವಲಪರ್ ತಿಳಿಯಾಗಿಯೇ ಉಳಿಯಿತು. ರೀಲು ಚೊಕ್ಕವಾಗಿ ಒಣಗಿತು. ಜೋಳದ ಹಿಟ್ಟಿನ ಮುದುಕಿಯನ್ನು ಹುಡುಕಿ ಕರೆಸಿ ಮತ್ತೊಮ್ಮೆ ಫೋಟೊ ತೆಗೆದು ಕೊಟ್ಟೆ. ಆಕೆ ಬಹಳ ಹೊತ್ತು ನೋಡಿ, “ಇಷ್ಟ ಮುದುಕಿ ಆಗೀನೇನ?” ಎಂದಳು. ಆದರೆ ಒಯ್ದಳು.

ಎಲ್ಲ ಸರಿಹೋಯಿತು ಎನ್ನುವಾಗ ಬಿಸಿಲು ಬಂತು. ಯುಗಾದಿಗೆ ಹತ್ತು ದಿನ ಇದ್ದಾಗ ತೊಳೆಯುವ ತೊಟ್ಟಿಯಲ್ಲಿದ್ದ ಫೋಟೊಗಳ ಅಂಚಿನಲ್ಲಿ ಪೊರೆ ಉಬ್ಬಿ, ಸುಲಿದು, ಹಾಲಿನ ಕೆನೆಯಂತೆ ಬೆರಳಿಗೆ ಬಂತು. ಕಾಗದದ ಮೇಲೆ ಚಿತ್ರ ಹಿಡಿದಿರುವುದೇ ಆ ತೆಳು ಪೊರೆ. ಮಾಳಿಗೆಯ ಮೇಲಿನ ಡ್ರಮ್ಮಿನ ನೀರು ಕಾದಿತ್ತು, ಸರಿ. ಆದರೆ ಸಿಂಧನೂರಿನ ಬೇಸಿಗೆ ಇದಕ್ಕಿಂತ ಕೆಟ್ಟದ್ದು, ಅಲ್ಲಿ ಹೀಗಾಗಿರಲಿಲ್ಲ. ಒಂದಿಡೀ ದಿನ ಯೋಚಿಸಿದೆ. ಕಾಲುವೆಯ ನೀರಿನಲ್ಲಿ ಸ್ವಲ್ಪ ಸುಣ್ಣ ಇತ್ತು, ಅದಕ್ಕೇ ನಾಲ್ಕು ಹನಿ ಸಾಬೂನು ಬೇಕಾಗಿತ್ತು. ನನ್ನ ಸಿಲಿಂಡರಿನ ನೀರಿಗೆ ಎರಡೇ ಹನಿ. ತೀರ ಮೆದುವಾದ ನೀರನ್ನು ಪೊರೆ ಹೆಚ್ಚು ಕುಡಿದು ಉಬ್ಬುತ್ತಿರಬೇಕು ಎಂದುಕೊಂಡೆ. ಕೇಳಲು ಯಾರೂ ಇರಲಿಲ್ಲ. ಮೆಹಬೂಬ್‌ಸಾಬರಿಗೆ ಬಾಯ್ಲರ್ ಗೊತ್ತು, ಬಾಯ್ಲರಿಗೆ ಪೊರೆಯಿಲ್ಲ.

ಹಾಳಾದರೂ ಚಿಂತೆಯಿಲ್ಲದ ಕಾಗದದ ತುಂಡುಗಳನ್ನು ತೆಗೆದುಕೊಂಡೆ. ಒಂದು ಕೊಡ ಮೆದು ನೀರಿಗೆ ಒಂದು ಕೊಡ ಬೋರಿನ ನೀರು ಬೆರೆಸಿದೆ. ಪೊರೆ ಉಬ್ಬದೆ ನಿಂತಿತು, ಆದರೆ ಬಿಳಿ ಕಲೆ ಮರಳಿ ಬಂತು. ಎರಡಕ್ಕೆ ಒಂದು ಬೆರೆಸಿದರೆ ಕಲೆ ಸ್ವಲ್ಪ ಉಳಿಯಿತು. ನಾಲ್ಕಕ್ಕೆ ಒಂದು, ಪೊರೆ ಮತ್ತೆ ಉಬ್ಬಿತು. ಮೂರು ಕೊಡ ಮೆದು ನೀರಿಗೆ ಒಂದು ಕೊಡ ಗಡಸು ನೀರು ಬೆರೆಸಿದಾಗ ಪೊರೆಯೂ ನಿಂತಿತು, ಕಲೆಯೂ ಬರಲಿಲ್ಲ. ಬಾಟಲಿಯಲ್ಲಿ ಕುಲುಕಿ ನೋಡಿದೆ, ನಾಲ್ಕು ಹನಿ. ಡ್ರಮ್ಮಿಗೆ ಒದ್ದೆ ಗೋಣಿತಟ್ಟು ಸುತ್ತಿದೆ. ಆಮೇಲೆ ಈ ಲೆಕ್ಕ ತಪ್ಪಲಿಲ್ಲ.

ಯುಗಾದಿಯ ಹಿಂದಿನ ದಿನ ಅಮರೇಶ ಬಂದ. ಜೊತೆಗೆ ಎನ್‌ಲಾರ್ಜರ್ ಕೊಳ್ಳುವವನನ್ನೂ ಕರೆತಂದಿದ್ದ. ಆ ಮನುಷ್ಯ ಕೂತುಕೊಳ್ಳುವ ಮೊದಲೇ ಅದರ ಕಂಬ ಹಿಡಿದು ಅಲುಗಿಸಿ ನೋಡಿದ.

“ಕೈ ತಗೀರಿ. ಅದು ಕೆಲಸದಾಗೈತಿ,” ಎಂದೆ.

ಅಮರೇಶ ಮುಜುಗರದಿಂದ, “ಅತ್ತಿಗಿ, ಮಾತಾಗಿತ್ತಲ್ಲ. ಮಂದಿ ಚುಕ್ಕಿ ಫೋಟೊ ಅಂತ ಸಿಂಧನೂರು ತನಕ ಆಡ್ಯಾರ. ಯಾಕ ಸುಮ್ಮನ ಒದ್ದಾಡತಿ?” ಎಂದ.

“ಇಲ್ಲಿ ಕುಂದ್ರು. ಗದ್ದ ಮ್ಯಾಲೆತ್ತು.”

“ನನಗ್ಯಾಕ ಫೋಟೊ?”

“ಕುಂದ್ರಂದ್ರ ಕುಂದ್ರಬೇಕಪ್ಪ.”

ಅವನ ಫೋಟೊ ತೆಗೆದೆ. ಇಬ್ಬರಿಗೂ ಊಟಕ್ಕೆ ಬಡಿಸಿದೆ. ಜೋಳದ ರೊಟ್ಟಿ, ನುಣ್ಣಗೆ ಬೆಂದ ಬೇಳೆ. ಅವರು ಉಂಡು ಒಂದು ನಿದ್ದೆ ತೆಗೆದು ಏಳುವಷ್ಟರಲ್ಲಿ ರೀಲು ತೊಳೆದು, ಫ್ಯಾನಿನ ಕೆಳಗೆ ಒಣಗಿಸಿ, ಪ್ರಿಂಟ್ ಹಾಕಿ, ಮೂರಕ್ಕೊಂದರ ನೀರಿನಲ್ಲಿ ತೊಳೆದು ತಂದೆ. ಅಮರೇಶ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದ. ಫೋಟೊದಲ್ಲಿನ ಕೆನ್ನೆಯನ್ನು ಬೆರಳಿನಿಂದ ಒರೆಸಿ ನೋಡಿದ. ಒಂದು ಚುಕ್ಕಿಯೂ ಇರಲಿಲ್ಲ.

“ಅಣ್ಣನ ಕೈಯಾಗಿಂದು ಇದ್ದಂಗೈತಿ,” ಎಂದ.

“ಅಣ್ಣನ ಕೈಯಾಗಿಂದಲ್ಲ. ನನ್ನ ಕೈಯಾಗಿಂದು,” ಎಂದೆ.

ಅವನು ತಲೆಯಾಡಿಸಿದ. ಹೊರಗೆ ಹೋಗಿ ಆ ಮನುಷ್ಯನೊಂದಿಗೆ ಏನೋ ಮಾತಾಡಿದ. ಸಂಜೆಯ ಬಸ್ಸಿಗೆ ಇಬ್ಬರೂ ಬರಿಗೈಲಿ ಹೋದರು. ಹೊರಡುವಾಗ ಅಮರೇಶ, “ಹಬ್ಬಕ್ಕಾದ್ರೂ ಬಂದು ಹೋಗಬೇ,” ಎಂದ. ಹೋದೆ. ಹಬ್ಬ ಮುಗಿಸಿ ಮರಳಿ ಬಂದೆ.

ಈಗ ಆರು ವರ್ಷವಾಯಿತು. ನನ್ನ ಸಿಲಿಂಡರ್ ನೋಡಿಕೊಂಡು ಹೋಗಿ ಓಣಿಯಲ್ಲಿ ನಾಲ್ಕು ಮನೆಯವರು ಹಾಕಿಸಿದ್ದಾರೆ. ಕೊಳ್ಳುವ ಮೊದಲು ದಿನಕ್ಕೆ ಎಷ್ಟು ಕೊಡ ಬೇಕು ನೋಡಿಕೊಳ್ಳಿ, ಬಾಟಲಿ ಕುಲುಕಿ ನೀರು ಎಷ್ಟು ಗಡಸು ತಿಳಿದುಕೊಳ್ಳಿ ಎನ್ನುತ್ತೇನೆ. ತೀರ ಸಣ್ಣ ಸಿಲಿಂಡರ್ ಕೊಂಡರೆ ದಿನ ಬಿಟ್ಟು ದಿನ ಉಪ್ಪು ಹಾಕಬೇಕು. ಬಿ.ಪಿ. ಇದ್ದವರು ಕುಡಿಯುವ ನೀರನ್ನು ಬೇರೆ ಹಿಡಿದಿಟ್ಟುಕೊಳ್ಳಿ, ಉಪ್ಪುನೀರನ್ನು ಗಿಡದ ಬುಡಕ್ಕೆ ಬಿಡಬೇಡಿ. ಗಂಗಮ್ಮನ ಕರಿಬೇವಿನ ಗಿಡವೊಂದು ನನ್ನಿಂದ ಒಣಗಿದೆ, ಆಕೆ ಅದನ್ನು ಇನ್ನೂ ಮರೆತಿಲ್ಲ. ಬಣ್ಣದ ಫೋಟೊ ಬಂದು ಕಪ್ಪು ಬಿಳುಪಿನ ಕೆಲಸ ಕಡಿಮೆಯಾಗುತ್ತಿದೆ. ಅರ್ಜಿಯ ಫೋಟೊ ಇನ್ನೂ ನನ್ನಲ್ಲೇ ನಡೆಯುತ್ತಿದೆ.

ಇಲ್ಲಿಯವರು ನನ್ನನ್ನು ಸಿಂಧನೂರಕ್ಕ ಎನ್ನುತ್ತಾರೆ. ಸಿಂಧನೂರಿಗೆ ಹೋದರೆ, ಲಿಂಗಸುಗೂರಿನಾಕಿ ಬಂದಾಳ ಎನ್ನುತ್ತಾರೆ. ಅಲ್ಲಿಯ ನೀರು ಈಗ ನನಗೆ ಸಪ್ಪೆ, ಇಲ್ಲಿಯ ನೀರಿನಲ್ಲಿ ಮಿಂದರೆ ಇಂದಿಗೂ ಮೈ ತೊಳೆದಂತೆನಿಸುವುದಿಲ್ಲ. ಎರಡು ಊರಿನ ಮಧ್ಯೆ ಬಸ್ಸು ಮಸ್ಕಿಯಲ್ಲಿ ನಿಂತಾಗ, ಹೋಗುತ್ತಿರುವುದು ಮನೆಗೋ ಬರುತ್ತಿರುವುದು ಮನೆಗೋ ಎಂದು ಯಾರಾದರೂ ಕೇಳಿದರೆ ಥಟ್ಟನೆ ಹೇಳಲಾರೆ.

ನನಗೆ ಬರುವ ಕೆಲಸವನ್ನೆಲ್ಲ ನಮ್ಮ ಮನೆಯವರು ಕಲಿಸಿದ್ದು. ಇದೊಂದನ್ನು ಅವರಿಲ್ಲದೆ ಕಲಿತೆ. ಮೂರಕ್ಕೊಂದರ ಲೆಕ್ಕ ಅವರಿಗೆ ಗೊತ್ತಿಲ್ಲ. ಅದನ್ನು ಅವರಿಗೆ ಹೇಳಬೇಕಿತ್ತು. ಅವರಿಲ್ಲ.